ಹೊಟ್ಟೆಯಲ್ಲಿ ಮಗು, ಬಾಯಲ್ಲಿ ಕವಳ: ಬಸುರಿ, ಬಾಣಂತಿಯರ ಚಟಕ್ಕೆ ಚಿಕಿತ್ಸೆ ಹೇಗೆ?

ಹೋದ ತಿಂಗಳ 9ನೇ ತಾರೀಖು ಕುಮಟಾ ತಾಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ತಂಗಿಯ ಜೊತೆ ಕೂತಿದ್ದೆ. ಪ್ರತಿ ತಿಂಗಳ 9ಕ್ಕೆ ಬಸುರಿಯರನ್ನು ಡಾಕ್ಟರೇ ನೋಡುತ್ತಾರೆ, ಹಾಗಾಗಿ ಬೆಂಚೆಲ್ಲ ತುಂಬಿತ್ತು. ನಮ್ಮ ಪಕ್ಕದಲ್ಲಿ ಕೂತವಳಿಗೆ ಆರು ತಿಂಗಳು. ಮೀನು ಮಾರುವವಳು, ಬುಟ್ಟಿಯನ್ನು ಹೊರಗೆ ಕಟ್ಟೆಯ ಮೇಲೆ ಇಟ್ಟು ಬಂದಿದ್ದಳು. ಕಾರ್ಡ್ ತುಂಬುತ್ತಿದ್ದವರು ತಲೆ ಎತ್ತದೆ ಕೇಳಿದರು: "ದುಶ್ಚಟ ಏನಾದ್ರೂ ಇದ್ಯಾ?" ಅವಳು ಇಲ್ಲ ಅಂತ ತಲೆ ಅಲ್ಲಾಡಿಸಿದಳು. ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ, ಎಡಗೆನ್ನೆಯಲ್ಲಿ ಕವಳ, ಅಂದರೆ ಎಲೆಯಡಿಕೆ, ಇತ್ತು.

ಅವಳು ಸುಳ್ಳು ಹೇಳಿದಳು ಅಂತ ನನಗೆ ಅನ್ನಿಸಲಿಲ್ಲ. ಕವಳಕ್ಕೆ ನಮ್ಮ ಕಡೆ ಯಾರು ದುಶ್ಚಟ ಅಂತಾರೆ ಹೇಳಿ? ಊಟ ಆದ ಮೇಲೆ ಕವಳದ ತಬಕು ಮುಂದಿಡದಿದ್ದರೆ ಮರ್ಯಾದೆ ಮಾಡಲಿಲ್ಲ ಅಂತಾರೆ. ದುಶ್ಚಟ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕುಡಿದು ರಸ್ತೆ ಬದಿ ಬಿದ್ದ ಗಂಡಸು. ಒಬ್ಬ ಬಸುರಿ ಆ ಮಾತಿಗೆ ಹೌದು ಅನ್ನುವುದು ಹೇಗೆ?

ಮನೆಗೆ ಬರುವ ದಾರಿಯಲ್ಲಿ ತಂಗಿ ಕೇಳುತ್ತಲೇ ಇದ್ದಳು. ಅದರಿಂದ ಮಗುವಿಗೆ ಏನಾಗುತ್ತದೆ? ಈಗ ಒಮ್ಮೆಲೇ ಬಿಟ್ಟರೆ ಇನ್ನೂ ತೊಂದರೆ ಆಗಲ್ವಾ? ಕುಡಿಯುವ ಹೆಂಗಸಾದರೆ ಯಾರ ಹತ್ತಿರ ಹೋಗಬೇಕು? ಈ ಪ್ರಶ್ನೆಗಳು ಅವಳೊಬ್ಬಳದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಯಾವುದೆಲ್ಲ ಈ ಲೆಕ್ಕಕ್ಕೆ ಬರುತ್ತದೆ?

ಮೊದಲಿಗೆ ತಂಬಾಕು. 2016-17ರಲ್ಲಿ ದೇಶದಾದ್ಯಂತ ನಡೆದ ತಂಬಾಕು ಸಮೀಕ್ಷೆಯ ಪ್ರಕಾರ ಬೀಡಿ, ಸಿಗರೇಟು ಸೇದುವ ಹೆಂಗಸರು ನೂರಕ್ಕೆ ಇಬ್ಬರು. ಜಗಿಯುವ, ತಿಕ್ಕುವ ತಂಬಾಕು ಬಳಸುವವರು ನೂರಕ್ಕೆ ಸುಮಾರು 13 ಜನ. ಅಂದರೆ ಹೆಂಗಸರ ತಂಬಾಕು ಹೊಗೆಯಲ್ಲಿಲ್ಲ, ಬಾಯಲ್ಲಿದೆ. ಹೊಗೆ ಕಾಣುವುದಿಲ್ಲ, ಹಾಗಾಗಿ ಯಾರೂ ಕೇಳುವುದೂ ಇಲ್ಲ. ನಮ್ಮಲ್ಲಿ ಅದು ಕವಳದ ರೂಪದಲ್ಲಿದೆ: ಎಲೆ, ಅಡಿಕೆ, ಸುಣ್ಣ, ಒಂದು ಚೂರು ತಂಬಾಕು. ಶಿರಸಿ ಕಡೆ ರಾತ್ರಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯಲು ಕೂತವರಿಗೆ ನಿದ್ದೆ ಬಾರದಿರಲು ಕವಳ ಬೇಕು. ಬೆಳಗಿನ ಜಾವ ಬಂದರಿಗೆ ಹೋಗುವವರಿಗೆ ಹಸಿವು ತಡೆಯಲು ಬೇಕು. ಹಲ್ಲಿಗೆ ತಿಕ್ಕುವ ಮಶೇರಿಯೂ ಸುಟ್ಟ ತಂಬಾಕಿನ ಪುಡಿಯೇ, ಹಲ್ಲುಪುಡಿ ಅಲ್ಲ.

ಎರಡನೆಯದು ಕುಡಿತ. ಕಾರವಾರದಿಂದ ಕಾಳಿ ಸೇತುವೆ ದಾಟಿ ಮಾಜಾಳಿ ಕಳೆದರೆ ಗೋವಾ, ಅಲ್ಲಿ ಮದ್ಯ ಅಗ್ಗ. ಗೇರುಹಣ್ಣಿನ ಫೆನ್ನಿ ಹಣ್ಣಿನದೇ ತಾನೆ, ಏನೂ ಆಗಲ್ಲ ಅನ್ನುವವರಿದ್ದಾರೆ. ಫೆನ್ನಿಯಲ್ಲಿ ನೂರಕ್ಕೆ ಸುಮಾರು 42 ಭಾಗ ಆಲ್ಕೋಹಾಲ್ ಇರುತ್ತದೆ, ಬಿಯರಿನಲ್ಲಿ ಸುಮಾರು 5. ಬಾಣಂತಿಗೆ ಮೈ ಬೆಚ್ಚಗಾಗಲಿ ಅಂತ ಒಂದು ಮುಚ್ಚಳ ಬ್ರಾಂಡಿ ಕೊಡುವ ರೂಢಿಯೂ ಕೆಲವು ಮನೆಗಳಲ್ಲಿದೆ. ಕೊಡುವವರು ಪ್ರೀತಿಯಿಂದಲೇ ಕೊಡುತ್ತಾರೆ. ಆದರೂ ಅದು ಮದ್ದಲ್ಲ, ಮದ್ಯ.

ಇನ್ನು ಗಾಂಜಾ. ಆಮೇಲೆ ವೈದ್ಯರು ಹಿಂದೆಂದೋ ಬರೆದುಕೊಟ್ಟ ನಿದ್ದೆ ಮಾತ್ರೆ, ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್. ಚೀಟಿ ಹಳೆಯದಾದರೂ ಮಾತ್ರೆ ನಿಲ್ಲದೆ ನಡೆಯುತ್ತಿದ್ದರೆ ಅದೂ ಈ ಲೆಕ್ಕಕ್ಕೇ ಸೇರುತ್ತದೆ.

ಬಳಸುವುದು ಬೇರೆ, ಅದಕ್ಕೆ ಒಗ್ಗಿಹೋಗುವುದು ಬೇರೆ. ತಿಂಗಳಿಗೊಮ್ಮೆ ಮದುವೆ ಮನೆಯಲ್ಲಿ ಕವಳ ಹಾಕುವವಳು ಬಳಸುವವಳು. ಎದ್ದ ಕೂಡಲೇ ಕವಳ ಬೇಕು, ಇಲ್ಲದಿದ್ದರೆ ತಲೆನೋವು, ಸಿಟ್ಟು, ಚಡಪಡಿಕೆ, ಬಿಡಬೇಕು ಅಂತ ಮನಸ್ಸಿದ್ದರೂ ಆಗುತ್ತಿಲ್ಲ ಅಂದರೆ ಮೆದುಳು ಒಗ್ಗಿಹೋಗಿದೆ ಎಂದರ್ಥ. ವೈದ್ಯರು ಇದನ್ನು ಅವಲಂಬನೆ ಅನ್ನುತ್ತಾರೆ. ಬಿಪಿ, ಶುಗರ್ ಹಾಗೆ ಇದೂ ಒಂದು ಕಾಯಿಲೆ, ಇದಕ್ಕೂ ಚಿಕಿತ್ಸೆ ಇದೆ.

ಮಗುವಿನ ತನಕ ಅದು ಹೋಗುವುದು ಹೇಗೆ?

ತಾಯಿಯ ರಕ್ತ ನೇರವಾಗಿ ಮಗುವಿನ ಮೈಯೊಳಗೆ ಹರಿಯುವುದಿಲ್ಲ. ನಡುವೆ ಮಾಸು ಇದೆ. ಹೆರಿಗೆಯಾದ ಮೇಲೆ ಹೊರಬೀಳುವ, ಕೆಲವರು ಕಸ ಅನ್ನುವ ಭಾಗ. ಊಟದ ಸತ್ವ, ಆಮ್ಲಜನಕ ಎಲ್ಲ ಮಗುವಿಗೆ ದಾಟುವುದು ಅದರ ಮೂಲಕವೇ. ಮಾಸು ಎಲ್ಲ ವಿಷವನ್ನೂ ಸೋಸಿಬಿಡುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಮೀನಿನ ಬಲೆಯನ್ನು ನೆನಪಿಸಿಕೊಳ್ಳಿ. ಬಲೆಯ ಕಣ್ಣಿಗಿಂತ ದೊಡ್ಡದು ಸಿಕ್ಕಿಬೀಳುತ್ತದೆ, ಸಣ್ಣದು ನುಸುಳಿ ಹೋಗುತ್ತದೆ. ಆಲ್ಕೋಹಾಲ್, ನಿಕೋಟಿನ್, ಅಡಿಕೆಯ ಅರೆಕೋಲಿನ್, ನೋವಿನ ಮಾತ್ರೆಯ ಅಂಶ ಎಲ್ಲವೂ ಈ ಕಣ್ಣಿಗೆ ತೀರಾ ಸಣ್ಣವು.

ದಾಟಿದ ಮೇಲೆ ಒಂದೊಂದು ಒಂದೊಂದು ರೀತಿ ಕೆಲಸ ಮಾಡುತ್ತದೆ. ನಿಕೋಟಿನ್ ರಕ್ತನಾಳಗಳನ್ನು ಬಿಗಿ ಹಿಡಿಯುತ್ತದೆ. ಗದ್ದೆಗೆ ನೀರು ಹರಿಯುವ ಪೈಪನ್ನು ಕಾಲಲ್ಲಿ ಅದುಮಿದ ಹಾಗೆ, ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಮುಂಬೈಯಲ್ಲಿ ಮಶೇರಿಯಂಥ ಹೊಗೆರಹಿತ ತಂಬಾಕು ಬಳಸುವ ಬಸುರಿಯರ ಬಗ್ಗೆ ನಡೆದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆ ಇತ್ತು, ದಿನ ತುಂಬುವ ಮೊದಲೇ ಹೆರಿಗೆ ಆಗಿದ್ದೂ ಜಾಸ್ತಿ. ನೂರು ಗ್ರಾಂ ಏನು ಮಹಾ ಅನ್ನಿಸಬಹುದು. ಆದರೆ ಎರಡೂವರೆ ಕೆಜಿಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು ಅನ್ನುತ್ತಾರೆ. ರಕ್ತ ಕಡಿಮೆ ಇರುವ, ಸರಿಯಾಗಿ ಊಟ ಸಿಗದ ತಾಯಂದಿರ ಮಕ್ಕಳು ಮೊದಲೇ ಆ ಗೆರೆಯ ಹತ್ತಿರ ಇರುತ್ತಾರೆ. ಅಲ್ಲಿ ನೂರು ಗ್ರಾಂ ದೊಡ್ಡದೇ.

ಆಲ್ಕೋಹಾಲ್‌ನ ವಿಷಯ ಬೇರೆ. ಅದು ಮಗುವಿನ ಬೆಳೆಯುವ ಮೆದುಳನ್ನೇ ಮುಟ್ಟುತ್ತದೆ. ಮಗುವಿನ ಎಳೆ ಲಿವರ್‌ಗೆ ಅದನ್ನು ಕರಗಿಸುವ ಶಕ್ತಿ ಇಲ್ಲ. ಹುಟ್ಟಿದ ಮೇಲೆ ಕಲಿಕೆ ಹಿಂದೆ ಬೀಳುವುದು, ಒಂದು ಕಡೆ ಕೂರಲಾಗದಿರುವುದು, ಕೆಲವರಲ್ಲಿ ತಲೆ ಸಣ್ಣದಾಗಿರುವುದು, ಇವೆಲ್ಲ ಜೀವಮಾನವಿಡೀ ಉಳಿಯಬಹುದು. ಬಸುರಿಗೆ ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆಯೇ ಇಲ್ಲ.

ಅಡಿಕೆಯ ಬಗ್ಗೆಯೂ ಒಂದು ಮಾತು. ಅಡಿಕೆಯಿಂದಲೇ ಎಷ್ಟೋ ಮನೆ ನಡೆಯುವ ಜಿಲ್ಲೆಯಲ್ಲಿ ಇದನ್ನು ಬರೆಯುವುದು ಸುಲಭವಲ್ಲ. ಆದರೆ ತಂಬಾಕು ಬಿಟ್ಟು ಬರೀ ಎಲೆಯಡಿಕೆ ಹಾಕಿದರೆ ತೊಂದರೆಯೇ ಇಲ್ಲ ಅನ್ನುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿಟ್ಟಿದೆ. ಬಸುರಿನ ತಿಂಗಳುಗಳಲ್ಲಾದರೂ ಅದನ್ನೂ ದೂರ ಇಡುವುದು ಒಳ್ಳೆಯದು.

"ಬಸುರಿ ಅಂತ ಗೊತ್ತಾಗೋ ಮೊದಲು ಕುಡಿದಿದ್ದೆ, ಈಗ ಏನು ಗತಿ?" ಅಂತ ಒಳಗೊಳಗೇ ಕೊರಗುವವರಿದ್ದಾರೆ. ಆಗಿದ್ದನ್ನು ವೈದ್ಯರಿಗೆ ಹೇಳಿ. ಯಾವ ತಿಂಗಳಲ್ಲಿ ಬಿಟ್ಟರೂ ಅಲ್ಲಿಂದ ಮುಂದಕ್ಕೆ ಮಗುವಿಗೆ ಲಾಭವೇ. ಮೆದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ.

ಒಮ್ಮೆಲೇ ಬಿಟ್ಟರೆ ಅಪಾಯವಾ?

ಇಲ್ಲಿಗೆ ಬಂದಾಗ ನಿಧಾನಿಸಿ ಓದಿ. ಉತ್ತರ ವಸ್ತುವಿನಿಂದ ವಸ್ತುವಿಗೆ ಬೇರೆ.

ತಂಬಾಕು, ಅಡಿಕೆ, ಗಾಂಜಾ: ಇವತ್ತೇ ಬಿಡಬಹುದು. ಕಿರಿಕಿರಿ ಆಗುತ್ತದೆ, ನಿದ್ದೆ ಕೆಡುತ್ತದೆ, ಸಿಟ್ಟು ಬರುತ್ತದೆ. ಜೀವಕ್ಕೆ ಅಪಾಯವಿಲ್ಲ.

ದಿನಾ ಜಾಸ್ತಿ ಕುಡಿಯುವವರು, ಬಹಳ ದಿನದಿಂದ ನಿದ್ದೆ ಮಾತ್ರೆ ನುಂಗುವವರು, ಟ್ರಮಡಾಲ್, ಕೊಡೀನ್, ಹೆರಾಯಿನ್‌ನಂಥವಕ್ಕೆ ಒಗ್ಗಿದವರು: ಮನೆಯಲ್ಲಿ ತಾವಾಗಿ ಒಮ್ಮೆಲೇ ನಿಲ್ಲಿಸಬಾರದು. ಕೋಣೆಗೆ ಹಾಕಿ ಬೀಗ ಜಡಿಯುವುದಂತೂ ಬೇಡವೇ ಬೇಡ.

ಯಾಕೆ? ನಮ್ಮ ಕಡಲತೀರದಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡಿದ್ದೀರಲ್ಲ. ಸಾಲಾಗಿ ನಿಂತು, ಕಾಲನ್ನು ಮರಳಿಗೆ ಊರಿ, ಮೈಯನ್ನೆಲ್ಲ ಹಿಂದಕ್ಕೆ ವಾಲಿಸಿ ಹಗ್ಗ ಎಳೆಯುತ್ತಾರೆ. ಹಗ್ಗ ಪಟ್ಟನೆ ತುಂಡಾದರೆ? ಅಷ್ಟೂ ಜನ ಹಿಂದಕ್ಕೆ ಬೀಳುತ್ತಾರೆ. ಮದ್ಯ ಮೆದುಳನ್ನು ದಿನಾ ಮಂಕು ಮಾಡಲು ಎಳೆಯುತ್ತಿರುತ್ತದೆ. ಎಚ್ಚರವಾಗಿರಲು ಮೆದುಳು ಅದಕ್ಕೆ ಎದುರಾಗಿ ವಾಲಿ ನಿಂತಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಮೆದುಳು ಆ ಕಡೆಗೇ ಮಗುಚುತ್ತದೆ. ಮೊದಲ ದಿನ ಬೆವರು, ಕೈನಡುಕ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಆಮೇಲೆ ಕೆಲವರಿಗೆ ಇಲ್ಲದ್ದು ಕಾಣುವುದು, ಭ್ರಮೆ, ಜ್ವರ. ಬಸುರಿಗೆ ಫಿಟ್ಸ್ ಬಂದರೆ ಅಪಾಯ ಎರಡು ಜೀವಕ್ಕೆ.

ಹಾಗಂತ ಕುಡಿತ ಮುಂದುವರಿಸಿ ಅಂತ ಯಾರೂ ಹೇಳುವುದಿಲ್ಲ. ಅದನ್ನು ಆಸ್ಪತ್ರೆಯಲ್ಲಿ ನಿಲ್ಲಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೊರಡಿಸಿದ, ಬಸುರಿಯರಿಗೆಂದೇ ಇರುವ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ.

ಕುಡಿತಕ್ಕೆ ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಕೆಲವು ದಿನ ದಾಖಲು ಮಾಡಿಕೊಳ್ಳುತ್ತಾರೆ. ತುಂಡಾದ ಹಗ್ಗದ ಬದಲಿಗೆ ಇನ್ನೊಂದು ಹಗ್ಗ ಕೊಟ್ಟು ನಿಧಾನಕ್ಕೆ ಸಡಿಲಿಸುವ ಹಾಗೆ, ಮೆದುಳನ್ನು ಶಾಂತವಾಗಿಡುವ ಮಾತ್ರೆಯನ್ನು ಸ್ವಲ್ಪ ದಿನ ಮಾತ್ರ, ಕಡಿಮೆ ಮಾಡುತ್ತಾ ಕೊಡುತ್ತಾರೆ. ಜೊತೆಗೆ ಥಯಮಿನ್ ಅನ್ನುವ ಬಿ1 ವಿಟಮಿನ್, ಯಾಕಂದರೆ ಕುಡಿಯುವವರಲ್ಲಿ ಅದು ಬತ್ತಿಹೋಗಿರುತ್ತದೆ. ಮಗುವಿನ ಎದೆಬಡಿತ, ಬೆಳವಣಿಗೆ ನೋಡುತ್ತಿರುತ್ತಾರೆ. ಮನೋವೈದ್ಯರು ಮತ್ತು ಹೆರಿಗೆ ವೈದ್ಯರು ಇಬ್ಬರೂ ಸೇರಿ ನೋಡಬೇಕಾದ ಕೆಲಸ ಇದು. ಊರೂರಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಂದ ಎಷ್ಟೋ ಗಂಡಸರು ಕುಡಿತ ಬಿಟ್ಟಿದ್ದಾರೆ ನಿಜ. ಆದರೆ ದಿನಾ ಕುಡಿಯುವ ಬಸುರಿಯನ್ನು ಕಳಿಸಬೇಕಾದ್ದು ಆಸ್ಪತ್ರೆಗೆ.

ಇನ್ನೊಂದು ಎಚ್ಚರಿಕೆ. ಕುಡಿತ ಬಿಡಿಸಲು ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ ಮಾತ್ರೆ, ಪುಡಿ ಕೆಲವು ಕಡೆ ಸಿಗುತ್ತದೆ. ಅದರಲ್ಲಿ ಡೈಸಲ್ಫಿರಾಂ ಇದ್ದರೆ, ಕುಡಿದ ಕೂಡಲೇ ವಾಂತಿ, ಎದೆ ಬಡಿತ, ಬಿಪಿ ಕುಸಿತ. ಇದನ್ನು ಯಾರಿಗೂ ಕದ್ದು ಕೊಡಬಾರದು, ಬಸುರಿಗಂತೂ ಕೊಡಲೇಬಾರದು.

ತಂಬಾಕು ಬಿಡಿಸಲು ಮಾತೇ ಮದ್ದು

ಇಲ್ಲಿ ಮೊದಲ ಚಿಕಿತ್ಸೆ ಆಪ್ತ ಸಮಾಲೋಚನೆ. ಹೆಸರು ದೊಡ್ಡದು, ಕೆಲಸ ಸರಳ. ಯಾವ ಹೊತ್ತಿಗೆ ಕವಳ ನೆನಪಾಗುತ್ತದೆ, ಯಾರ ಜೊತೆ ಕೂತಾಗ, ಯಾವ ಬೇಜಾರಿಗೆ ಅಂತ ಕೂತು ಕೇಳುತ್ತಾರೆ. ಆ ಒಂದೊಂದು ಹೊತ್ತಿಗೂ ಬೇರೆ ದಾರಿ ಹುಡುಕುತ್ತಾರೆ. ಬಾಯಿಗೆ ಏಲಕ್ಕಿ, ಲವಂಗ, ಒಂದು ಚೂರು ಶುಂಠಿ. ಊಟ ಆದ ಕೂಡಲೇ ಬಾಯಿ ಮುಕ್ಕಳಿಸಿ ಎದ್ದುಬಿಡುವುದು. ಬಿಡುವ ದಿನ ಇದೇ ಅಂತ ಗುರುತು ಹಾಕುವುದು. ಆಸೆ ಉಕ್ಕುವುದು ಕೆಲವೇ ನಿಮಿಷ, ಆಮೇಲೆ ತಾನಾಗಿ ಇಳಿಯುತ್ತದೆ.

ಬಸುರಿಯರಿಗೆ ಇದು ಬೇರೆಯವರಿಗಿಂತ ಕಷ್ಟ, ಅದಕ್ಕೆ ಕಾರಣವೂ ಇದೆ. ಬಸುರಿನಲ್ಲಿ ಮೈ ನಿಕೋಟಿನನ್ನು ಬೇಗ ಕರಗಿಸುತ್ತದೆ. ಹಾಗಾಗಿ ಬೇಗ ಬೇಗ ಬೇಕೆನಿಸುತ್ತದೆ. "ಮೊದಲಿಗಿಂತ ಜಾಸ್ತಿ ಆಸೆ ಆಗ್ತದೆ" ಅಂತ ಒಬ್ಬಳು ಹೇಳಿದರೆ ಅದು ನೆವ ಅಲ್ಲ, ಮೈಯೇ ಹಾಗೆ ನಡೆದುಕೊಳ್ಳುತ್ತಿದೆ. ಅಂಗಡಿಯಲ್ಲಿ ಸಿಗುವ ನಿಕೋಟಿನ್ ಗಮ್ಮನ್ನು ಬಸುರಿಯರು ತಾವಾಗಿ ತೆಗೆದುಕೊಳ್ಳಬಾರದು, ಮಾತಿನಿಂದ ಸಾಧ್ಯವಾಗದಿದ್ದರೆ ಮಾತ್ರ ವೈದ್ಯರನ್ನು ಕೇಳಿ. ಮನೆಯೊಳಗೆ ಗಂಡ, ಮಾವ ಬೀಡಿ ಸೇದುತ್ತಿದ್ದರೆ ಆ ಹೊಗೆಯೂ ಇವಳ ಲೆಕ್ಕಕ್ಕೇ ಬರುತ್ತದೆ. ಅವರು ಅಂಗಳಕ್ಕೆ ಹೋಗಲಿ. ಬಿಟ್ಟರೆ ಇನ್ನೂ ಒಳ್ಳೆಯದು.

ಒಂದು ಮಾತ್ರೆ ಬಿಡಿಸಲು ಇನ್ನೊಂದು ಮಾತ್ರೆಯಾ?

ಹೆರಾಯಿನ್, ಟ್ರಮಡಾಲ್‌ನಂಥ ಅಫೀಮಿನ ಗುಂಪಿನ ವಸ್ತುಗಳಿಗೆ ಒಗ್ಗಿದ ಬಸುರಿಗೆ ವೈದ್ಯರು ಬುಪ್ರನಾರ್ಫಿನ್ ಅಥವಾ ಮೆಥಡೋನ್ ಕೊಡುತ್ತಾರೆ. ಅದೂ ಅದೇ ಗುಂಪಿನದು. ಇದು ಕೇಳುವವರಿಗೆ ವಿಚಿತ್ರ ಅನ್ನಿಸುತ್ತದೆ. ಆದರೆ ಬೀದಿಯ ವಸ್ತು ದಿನಕ್ಕೆ ಹಲವು ಸಲ ಏರಿಸಿ ಇಳಿಸುತ್ತದೆ. ಪ್ರತಿ ಇಳಿತಕ್ಕೂ ಗರ್ಭಕೋಶ ಹಿಂಡಿದಂತಾಗುತ್ತದೆ, ಮಗುವೂ ಒದ್ದಾಡುತ್ತದೆ. ಅಳೆದು ಕೊಡುವ ಮದ್ದು ದಿನವಿಡೀ ಒಂದೇ ಮಟ್ಟದಲ್ಲಿ ಇಡುತ್ತದೆ. ಪೂರ್ತಿ ನಿಲ್ಲಿಸಿದವರು ಮತ್ತೆ ಶುರು ಮಾಡುವುದು ಜಾಸ್ತಿ, ಆಗ ಹಳೆಯ ಪ್ರಮಾಣವೇ ಜೀವಕ್ಕೆ ಮುಳುವಾಗಬಹುದು.

ಇಂಥ ತಾಯಿಯ ಮಗುವಿಗೆ ಹುಟ್ಟಿದ ಎರಡು ಮೂರು ದಿನದಲ್ಲಿ ನಡುಕ, ಕೀರಲು ಅಳು, ಹಾಲು ಹಿಡಿಯದಿರುವುದು, ಪದೇ ಪದೇ ಸೀನು ಕಾಣಿಸಬಹುದು. ನೋಡಲು ಭಯವಾಗುತ್ತದೆ, ಆದರೆ ಇದಕ್ಕೆ ಚಿಕಿತ್ಸೆ ಇದೆ. ಮೊದಲ ಚಿಕಿತ್ಸೆ ತಾಯಿಯೇ. ಮಂದ ಬೆಳಕು, ಸದ್ದಿಲ್ಲದ ಕೋಣೆ, ಬಟ್ಟೆ ಸುತ್ತಿ ಎದೆಗವಚಿ ಹಿಡಿಯುವುದು, ಮೊಲೆಹಾಲು. ಅದು ಸಾಲದಿದ್ದರೆ ಮಾತ್ರ ಮಗುವಿಗೆ ಮದ್ದು. 2010ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಬುಪ್ರನಾರ್ಫಿನ್ ಪಡೆದ ತಾಯಂದಿರ ಮಕ್ಕಳು ಸುಮಾರು 10 ದಿನಕ್ಕೆ ಆಸ್ಪತ್ರೆಯಿಂದ ಮನೆಗೆ ಹೋದರು, ಮೆಥಡೋನ್ ಪಡೆದವರ ಮಕ್ಕಳು ಸುಮಾರು 17 ದಿನಕ್ಕೆ.

ಹೆರಿಗೆ ಆದ ಮೇಲೆ

ಒಂಬತ್ತು ತಿಂಗಳು ಗಟ್ಟಿಯಾಗಿ ನಿಂತವರು ಬಾಣಂತನದಲ್ಲಿ ಸೋಲುವುದು ತುಂಬ ಕಡೆ ಕಂಡದ್ದು. ರಾತ್ರಿ ನಿದ್ದೆ ಇಲ್ಲ, ಹೊಟ್ಟೆಯಲ್ಲಿ ಮಗು ಇದೆ ಅನ್ನುವ ಬಿಗಿ ಸಡಿಲಾಗಿದೆ, ನೋಡಲು ಬಂದವರು ಕವಳ ಹಾಕುತ್ತಾ ಕೂರುತ್ತಾರೆ. ಕಾರಣವಿಲ್ಲದೆ ಅಳು, ಮಗುವಿನ ಮೇಲೆ ಮನಸ್ಸೇ ಬಾರದಿರುವುದು ಎರಡು ವಾರ ದಾಟಿದರೆ ಅದು ಬಾಣಂತಿಯ ಖಿನ್ನತೆ ಇರಬಹುದು. ಅದಕ್ಕೆ ಮದ್ದು ಆಗದೆ ಚಟ ಬಿಡುವುದು ಕಷ್ಟ. ಚಿಕಿತ್ಸೆ ಹೆರಿಗೆ ದಿನಕ್ಕೆ ಮುಗಿಯಬಾರದು ಅನ್ನುವುದು ಇದಕ್ಕೇ.

ಹಾಲಿನ ವಿಷಯ. ತಂಬಾಕು ಪೂರ್ತಿ ಬಿಡಲಾಗದಿದ್ದರೂ ಮೊಲೆಹಾಲು ನಿಲ್ಲಿಸಬೇಡಿ. ಹಾಲು ಕೊಟ್ಟಾದ ಮೇಲೆ ಹಾಕಿ, ಮೊದಲು ಬೇಡ, ಕಡಿಮೆ ಮಾಡುತ್ತಾ ಬನ್ನಿ. ಮದ್ಯ ಹಾಲಿಗೆ ಇಳಿಯುತ್ತದೆ. ಕುಡಿದ ಒಂದೊಂದು ಪೆಗ್ಗಿಗೂ ಎರಡು ಗಂಟೆಗಿಂತ ಜಾಸ್ತಿ ಕಾಯಬೇಕು, ಮತ್ತು ಕುಡಿದವರು, ಅಪ್ಪನೇ ಇರಲಿ, ಮಗುವಿನ ಪಕ್ಕ ಮಲಗಬಾರದು. ಗಾಂಜಾದ ಅಂಶ ಕೊಬ್ಬಿನಲ್ಲಿ ಕೂತು ಬಹಳ ದಿನ ಹಾಲಿನಲ್ಲಿ ಬರುತ್ತದೆ, ಅದನ್ನು ಬಿಡಲೇಬೇಕು. ಬುಪ್ರನಾರ್ಫಿನ್ ಸರಿಯಾಗಿ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳಿ ಹಾಲು ಕೊಡಬಹುದು.

ಹೇಳಿದರೆ ಮಗುವನ್ನು ಕಿತ್ತುಕೊಳ್ಳುತ್ತಾರಾ?

ನನ್ನ ಅನುಭವದಲ್ಲಿ ಹೆಂಗಸರು ಬಾಯಿ ಬಿಡದಿರಲು ಮುಖ್ಯ ಕಾರಣ ಈ ಭಯ. ಗಂಡನ ಮನೆಗೆ ಗೊತ್ತಾದರೆ, ಪೊಲೀಸರಿಗೆ ಗೊತ್ತಾದರೆ, ಮಗುವನ್ನು ದೂರ ಮಾಡಿದರೆ?

ಕಾನೂನು ಏನು ಹೇಳುತ್ತದೆ ನೋಡಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಯನ್ನೂ ಕಾಯಿಲೆ ಎಂದೇ ಪರಿಗಣಿಸುತ್ತದೆ. ಅಲ್ಲಿ ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಮಗುವಿಗೆ ಅಪಾಯ ಇದೆ ಅಂತ ವೈದ್ಯರಿಗೆ ಅನ್ನಿಸಿದರೆ ಮಾತ್ರ ತಾತ್ಕಾಲಿಕವಾಗಿ ಮಾಡಬಹುದು, ಅದನ್ನೂ 15 ದಿನಕ್ಕೊಮ್ಮೆ ಮರುಪರಿಶೀಲಿಸಬೇಕು. ಚಿಕಿತ್ಸೆಯ ವಿವರವನ್ನು ಗುಟ್ಟಾಗಿ ಇಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಮಾದಕ ವಸ್ತುಗಳ ವಿಷಯದಲ್ಲಿ, 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಪ್ರಕಾರ, ತಾವಾಗಿ ಚಿಕಿತ್ಸೆಗೆ ಮುಂದೆ ಬಂದವರಿಗೆ, ಸಣ್ಣ ಪ್ರಮಾಣದ ಬಳಕೆಯ ಪ್ರಕರಣದಲ್ಲಿ, ಶಿಕ್ಷೆಯಿಂದ ರಕ್ಷಣೆ ಇದೆ.

ತಾಯಿ ಮಗು ಒಟ್ಟಿಗೇ ಇದ್ದು ಚಿಕಿತ್ಸೆ ಪಡೆಯುವುದು ಬರೀ ಕಾಗದದ ಮಾತಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನಸಿಕ ಕಾಯಿಲೆ ಇರುವ ಬಾಣಂತಿಯರನ್ನು ಮಗುವಿನ ಜೊತೆಗೇ ಸೇರಿಸಿಕೊಳ್ಳುವ ವಾರ್ಡ್ ಇದೆ.

ಇಲ್ಲಿಂದ ಎಲ್ಲಿಗೆ ಹೋಗಬೇಕು?

ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಮಂಗಳೂರು, ಗೋವಾ, ಹುಬ್ಬಳ್ಳಿ ಅಂತ ಓಡಿ ಓಡಿ ಸುಸ್ತಾದ ಜಿಲ್ಲೆ ನಮ್ಮದು. ಇದಕ್ಕೆ ಮೊದಲ ಹೆಜ್ಜೆ ಅಷ್ಟು ದೂರ ಇಲ್ಲ. ನಿಮ್ಮೂರಿನ ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಕೇಂದ್ರದ ಸಿಸ್ಟರ್‌ಗೆ ಹೇಳಿ. ಕಾರವಾರದ ಕ್ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರೂ ಹೆರಿಗೆ ವೈದ್ಯರೂ ಒಂದೇ ಆವರಣದಲ್ಲಿ ಸಿಗುತ್ತಾರೆ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದು ಅಂತ ಆಶಾ ಅವರನ್ನೇ ವಿಚಾರಿಸಿ.

ಯಾರ ಮುಖವನ್ನೂ ನೋಡಿ ಹೇಳಲು ಆಗುವುದಿಲ್ಲ ಅಂದರೆ ಫೋನ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ, ಕನ್ನಡದಲ್ಲಿ, ಉಚಿತ. ಮಾದಕ ವ್ಯಸನಕ್ಕೆ 14446. ತಂಬಾಕು ಬಿಡಲು 1800-11-2356, ಈ ನಂಬರ್ ತಂಬಾಕಿನ ಪ್ಯಾಕೆಟ್ ಮೇಲೆಯೇ ಅಚ್ಚಾಗಿರುತ್ತದೆ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ 181. ಫಿಟ್ಸ್, ಭ್ರಮೆ, ರಕ್ತ ಹೋಗುವುದು, ಮಗು ಅಲ್ಲಾಡದಿರುವುದು ಕಂಡರೆ ಯೋಚಿಸುತ್ತಾ ಕೂರಬೇಡಿ, 108.

ಫೋನಿನಲ್ಲಿ ಕತೆಯೆಲ್ಲ ಹೇಳಬೇಕಿಲ್ಲ. ಎಷ್ಟು ತಿಂಗಳು, ಏನು, ದಿನಕ್ಕೆ ಎಷ್ಟು, ಕೊನೆಯ ಸಲ ಯಾವಾಗ. ನಾಲ್ಕು ಮಾತು ಸಾಕು, ಉಳಿದದ್ದನ್ನು ಅವರೇ ಕೇಳುತ್ತಾರೆ.

ಈ ತಿಂಗಳ 9ಕ್ಕೆ ಮತ್ತೆ ಅದೇ ಬೆಂಚು. ಮೀನಿನ ಬುಟ್ಟಿಯವಳೂ ಬಂದಿದ್ದಳು, ಏಳು ತಿಂಗಳು. ಈ ಸಲ ಅವಳ ಜೊತೆ ಅವಳೂರಿನ ಆಶಾ ಕಾರ್ಯಕರ್ತೆ ಇದ್ದರು. ಪಕ್ಕದಲ್ಲಿ ಕೂತು, ಕೈ ಮೇಲೆ ಕೈ ಇಟ್ಟು, ಸಣ್ಣ ದನಿಯಲ್ಲಿ ಕೇಳಿದರು: "ತಂಗಿ, ದಿನಕ್ಕೆ ಎಷ್ಟು ಕವಳ ಹಾಕ್ತೆ?"

ಅವಳು ಒಂದು ಗಳಿಗೆ ನೆಲ ನೋಡಿದಳು. ಆಮೇಲೆ ಬಲಗೈಯ ಐದೂ ಬೆರಳು ಎತ್ತಿದಳು. ಸ್ವಲ್ಪ ತಡೆದು, ಎಡಗೈಯ ಎರಡು ಬೆರಳನ್ನೂ ಎತ್ತಿದಳು. "ಎಲ್ಲದರಲ್ಲೂ ತಂಬಾಕು ಹಾಕ್ತೆ ಅಕ್ಕೋರೇ," ಅಂದಳು. ಆಶಾ ಅದನ್ನು ಕಾರ್ಡಿನ ಅಂಚಿನಲ್ಲಿ ಬರೆದುಕೊಂಡು, ಅವಳನ್ನು ಕರೆದುಕೊಂಡು ಡಾಕ್ಟರ ಕೋಣೆಗೆ ಹೋದರು.